ಕೈಯಿಂದ ತಯಾರಿಸುವ ಆಭರಣ ಮತ್ತು ಕಾಗದದ ಕರಕುಶಲ ವಸ್ತುಗಳು: ಎರಡನೆಯ ವೃತ್ತಿ ಆರಂಭಿಸುವವರಿಗೆ ಮಾಹಿತಿ (ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ)

1. ಪೀಠಿಕೆ

ಸೇವೆಯಿಂದ ನಿವೃತ್ತಿ ಹೊಂದಿದವರು, ಸ್ವಯಂ ನಿವೃತ್ತಿ ಪಡೆದವರು ಹಾಗೂ ಮಕ್ಕಳ ಪಾಲನೆ, ಹಿರಿಯರ ಆರೈಕೆ ಮುಂತಾದ ಕಾರಣಗಳಿಂದ ಉದ್ಯೋಗ ತ್ಯಜಿಸಿದ ಮಹಿಳೆಯರು ಕರಕುಶಲ ಕೆಲಸವನ್ನು ಎರಡನೆಯ ವೃತ್ತಿಯನ್ನಾಗಿ ಕೈಗೊಳ್ಳಲು ಆಸಕ್ತಿ ತೋರುತ್ತಿದ್ದಾರೆ. ಮನೆಯ ಒಂದು ಕೋಣೆಯಲ್ಲಿ, ಕಡಿಮೆ ಬಂಡವಾಳದಿಂದ, ತಮಗೆ ಅನುಕೂಲವಾದ ವೇಳೆಯಲ್ಲಿ ಮಾಡಬಹುದಾದ ಕೆಲಸವಿದು. ಆದರೆ ನೋಂದಣಿ, ತೆರಿಗೆ, ಸಾಲ ಮತ್ತು ಬೆಲೆ ನಿಗದಿಯ ಬಗ್ಗೆ ತಿಳಿವಳಿಕೆ ಇಲ್ಲದೆ ಆರಂಭಿಸಿದಲ್ಲಿ ನಿವೃತ್ತಿಯ ಉಳಿತಾಯವೇ ಕರಗುವ ಸಂಭವವಿರುತ್ತದೆ. ಈ ಹಿನ್ನೆಲೆಯಲ್ಲಿ ಹಳೆಯ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಮತ್ತು ಚಾಮರಾಜಪೇಟೆ ಬಡಾವಣೆಗಳ ನಾಗರಿಕರ ಅನುಕೂಲಕ್ಕಾಗಿ ಅವಶ್ಯಕ ವಿವರಗಳನ್ನು ಇಲ್ಲಿ ಒದಗಿಸಲಾಗಿದೆ.

2. ಪ್ರದೇಶದ ಹಿನ್ನೆಲೆ

ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡ ಬಡಾವಣೆ. 1898ರ ಪ್ಲೇಗ್ ಪಿಡುಗಿನ ಕಾಲದಲ್ಲಿ ಪೇಟೆಯ ಜನದಟ್ಟಣೆಯನ್ನು ತಗ್ಗಿಸುವ ಉದ್ದೇಶದಿಂದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಹೀಗಾಗಿ ಈ ಮೂರೂ ಬಡಾವಣೆಗಳು ಹಳೆಯ ಪೇಟೆಗೆ ಸಮೀಪದಲ್ಲಿಯೇ ಇವೆ. ಕುಶಲಕರ್ಮಿಗಳ ದೃಷ್ಟಿಯಿಂದ ಇದು ದೊಡ್ಡ ಅನುಕೂಲ. ಮಣಿ, ದಾರ, ಕೊಕ್ಕೆ, ಜರಿ, ಕಾಗದ ಮುಂತಾದ ಕಚ್ಚಾ ಸಾಮಗ್ರಿಗಳು ಮಾಮೂಲ್‌ಪೇಟೆ, ಚಿಕ್ಕಪೇಟೆ, ಸುಲ್ತಾನ್‌ಪೇಟೆ ಮತ್ತು ಅವೆನ್ಯೂ ರಸ್ತೆಯ ಸಗಟು ಅಂಗಡಿಗಳಲ್ಲಿ ದೊರೆಯುತ್ತವೆ. ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಕೆಲಸದ ಮನೆಗಳಿವೆ. 2017ರ ಜೂನ್‌ನಿಂದ ನಮ್ಮ ಮೆಟ್ರೋ ಹಸಿರು ಮಾರ್ಗವು ಮಲ್ಲೇಶ್ವರದ ಅಂಚಿನ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ಮತ್ತು ಬಸವನಗುಡಿಯ ನ್ಯಾಷನಲ್ ಕಾಲೇಜು ನಿಲ್ದಾಣಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದೆ.

ಈ ಬಡಾವಣೆಗಳ ಮನೆಗಳಲ್ಲಿ ಕರಕುಶಲ ಕೆಲಸವು ಹೊಸದೇನಲ್ಲ. ಅರಳೆಯಿಂದ ಗೆಜ್ಜೆವಸ್ತ್ರ ಮತ್ತು ಹತ್ತಿಯ ಹಾರ ಮಾಡುವುದು, ಮದುವೆಗೆ ಬಣ್ಣದ ಕಾಗದ, ಬೆಂಡು, ಮಣಿಗಳಿಂದ ಬಾಸಿಂಗ ಕಟ್ಟುವುದು, ಆರತಿ ತಟ್ಟೆಯನ್ನು ಸಿಂಗರಿಸುವುದು, ದಸರೆಯ ಬೊಂಬೆಗಳಿಗೆ ಒಡವೆ ಪೋಣಿಸುವುದು ಇವೆಲ್ಲವೂ ತಲೆಮಾರುಗಳಿಂದ ಬಂದ ಕೌಶಲಗಳು. ಹಿಂದೆ ನೆಂಟರಿಷ್ಟರಿಗಾಗಿ ಮಾಡಿಕೊಡುತ್ತಿದ್ದ ಇದೇ ಕೆಲಸಕ್ಕೆ ಈಗ ಮಾರುಕಟ್ಟೆ ಒದಗಿದೆ.

3. ತಯಾರಿಸಬಹುದಾದ ವಸ್ತುಗಳು ಮತ್ತು ತಾಂತ್ರಿಕ ಅಂಶಗಳು

ಅ) ಸುತ್ತುಕಾಗದದ (ಕ್ವಿಲ್ಲಿಂಗ್) ಆಭರಣ: ಸಾಮಾನ್ಯವಾಗಿ 3 ಅಥವಾ 5 ಮಿ.ಮೀ. ಅಗಲದ ಕಾಗದದ ಪಟ್ಟಿಗಳನ್ನು ಸುತ್ತಿ ಜುಮುಕಿ, ಪದಕ ಮುಂತಾದವುಗಳನ್ನು ತಯಾರಿಸಲಾಗುತ್ತದೆ. ಮುದ್ರಣ ಕಾಗದವು ಪ್ರತಿ ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗುತ್ತದೆ. ಸುತ್ತುಕೆಲಸಕ್ಕೆ ಸುಮಾರು 120 ಗ್ರಾಂ ತೂಕದ ಕಾಗದ ಸೂಕ್ತ. ಸಿದ್ಧ ವಸ್ತುವಿಗೆ ಒಳಗೂ ಹೊರಗೂ ವಾರ್ನಿಷ್ ಲೇಪಿಸಿ ಪೂರ್ಣವಾಗಿ ಒಣಗಿಸಬೇಕು. ಲೇಪನವು ಬೆವರು ಮತ್ತು ತುಂತುರನ್ನು ತಡೆಯುತ್ತದೆಯೇ ಹೊರತು ನೀರಿನಲ್ಲಿ ನೆನೆಯುವುದನ್ನು ತಡೆಯುವುದಿಲ್ಲ. ಈ ಅಂಶವನ್ನು ಗ್ರಾಹಕರಿಗೆ ಲಿಖಿತವಾಗಿ ತಿಳಿಸುವುದು ಒಳಿತು.

ಆ) ಸುಟ್ಟ ಮಣ್ಣಿನ (ಟೆರ್ರಾಕೋಟಾ) ಆಭರಣ: ಮಣ್ಣಿನ ಬಿಡಿಭಾಗಗಳನ್ನು ನೆರಳಿನಲ್ಲಿ ಪೂರ್ಣವಾಗಿ ಒಣಗಿಸಿದ ನಂತರವೇ ಸುಡಬೇಕು. ತೇವಾಂಶ ಉಳಿದಲ್ಲಿ ಒಳಗಿನ ಆವಿಯ ಒತ್ತಡದಿಂದ ವಸ್ತು ಬಿರುಕು ಬಿಡುತ್ತದೆ. ಅಡುಗೆಮನೆಯ ಓವನ್ ತಲುಪುವ ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖವು ಇದಕ್ಕೆ ಸಾಲದು. ವಸತಿ ಪ್ರದೇಶದಲ್ಲಿ ಹೊಟ್ಟು, ಬೆರಣಿ ಬಳಸಿ ಸುಡುವುದರಿಂದ ಹೊಗೆಯ ತೊಂದರೆ ಉಂಟಾಗುವುದರಿಂದ ವಿದ್ಯುತ್ ಕುಲುಮೆಯನ್ನು ಬಾಡಿಗೆ ಅಥವಾ ಹಂಚಿಕೆಯ ಆಧಾರದ ಮೇಲೆ ಬಳಸುವುದು ಸೂಕ್ತ.

ಇ) ಪಾಲಿಮರ್ ಜೇಡಿಯ ಆಭರಣ: ಇದು ಮಣ್ಣಲ್ಲ, ಪಿವಿಸಿ ಆಧಾರಿತ ವಸ್ತು. ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಟ್ಟಿಯಾಗುತ್ತದೆ. ಹೆಚ್ಚು ಕಾಯಿಸಿದಲ್ಲಿ ಹಾನಿಕಾರಕ ಹೊಗೆ ಬರುವುದರಿಂದ ಆಹಾರಕ್ಕೆ ಬಳಸುವ ಓವನ್ನನ್ನು ಬಳಸತಕ್ಕದ್ದಲ್ಲ.

ಈ) ಮಣಿ ಮತ್ತು ಲೋಹದ ಆಭರಣ: ನಿಕ್ಕಲ್ ಬೆರೆತ ಕೊಕ್ಕೆಗಳಿಂದ ಕೆಲವರ ಚರ್ಮಕ್ಕೆ ತುರಿಕೆ ಉಂಟಾಗುತ್ತದೆ. ‘ಜರ್ಮನ್ ಸಿಲ್ವರ್’ ಎಂಬುದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹವಾಗಿದ್ದು ಅದರಲ್ಲಿ ಬೆಳ್ಳಿ ಇರುವುದಿಲ್ಲ. ಅದನ್ನು ಬೆಳ್ಳಿಯೆಂದಾಗಲಿ, ಚಿನ್ನದ ಲೇಪನವಿರುವ ಒಡವೆಯನ್ನು ಚಿನ್ನವೆಂದಾಗಲಿ ಮಾರುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ದಾರಿ ತಪ್ಪಿಸುವ ಕ್ರಮವಾಗುತ್ತದೆ. ಅಪ್ಪಟ ಚಿನ್ನದ ಆಭರಣಗಳಿಗೆ 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯಗೊಳಿಸಲಾಗಿದ್ದು, ವಾರ್ಷಿಕ ವಹಿವಾಟು 40 ಲಕ್ಷ ರೂ.ಗಳನ್ನು ಮೀರದ ಆಭರಣ ವ್ಯಾಪಾರಿಗಳಿಗೆ ವಿನಾಯಿತಿ ನೀಡಲಾಗಿದೆ.

ಉ) ಕಾಗದದ ವಸ್ತುಗಳು: ಶುಭಾಶಯ ಪತ್ರ, ಉಡುಗೊರೆ ಪೆಟ್ಟಿಗೆ, ದೀಪಾವಳಿಯ ಆಕಾಶಬುಟ್ಟಿ, ಸಂಕ್ರಾಂತಿಯ ಎಳ್ಳು ಬೀರುವ ಡಬ್ಬಿ, ತಾಂಬೂಲದ ಚೀಲ ಇತ್ಯಾದಿ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಆ ದಿಕ್ಕಿಗೆ ಸಮನಾಗಿ ಮಡಿಸಿದಲ್ಲಿ ಅಂಚು ನೇರವಾಗಿ ಬರುತ್ತದೆ. ಅಡ್ಡಲಾಗಿ ಮಡಿಸಿದಲ್ಲಿ ಅಂಚು ಒಡೆಯುತ್ತದೆ. ಹತ್ತಿ ಬಟ್ಟೆಯ ಚೂರುಗಳಿಂದ ತಯಾರಾಗುವ ಕೈಕಾಗದವನ್ನು ಬಳಸಿದಲ್ಲಿ ವಸ್ತು ಹೆಚ್ಚು ಕಾಲ ಬಾಳುತ್ತದೆ.

ಊ) ಭೌಗೋಳಿಕ ಸೂಚಕ ಹೊಂದಿದ ಹೆಸರುಗಳು: ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕೆಲಸ ಮತ್ತು ಮೈಸೂರಿನ ಗಂಜೀಫಾ ಎಲೆಗಳು ಭೌಗೋಳಿಕ ಸೂಚಕ ಪಡೆದಿವೆ. ಚನ್ನಪಟ್ಟಣದಿಂದ ಕೊಂಡ ಮಣಿಗಳನ್ನು ಪೋಣಿಸಿ ಸರ ಮಾಡಿ ಮಾರಬಹುದು. ಬೇರೆಡೆ ತಯಾರಾದ ಮಣಿಗೆ ಚನ್ನಪಟ್ಟಣದ ಹೆಸರು ಬಳಸುವುದು ಭೌಗೋಳಿಕ ಸೂಚಕಗಳ ಅಧಿನಿಯಮ, 1999ರ ಉಲ್ಲಂಘನೆಯಾಗುತ್ತದೆ.

4. ಬೆಲೆ ನಿಗದಿ ಮಾಡುವ ವಿಧಾನ

ಹೊಸದಾಗಿ ಆರಂಭಿಸುವವರಲ್ಲಿ ಅನೇಕರು ಸಾಮಗ್ರಿಯ ವೆಚ್ಚವನ್ನು ಮಾತ್ರ ಲೆಕ್ಕ ಹಾಕಿ, ತಮ್ಮ ಶ್ರಮಕ್ಕೆ ಬೆಲೆ ಕಟ್ಟುವುದಿಲ್ಲ. ‘ಹೇಗೂ ಮನೆಯಲ್ಲಿಯೇ ಇರುತ್ತೇನೆ’ ಎಂಬ ಭಾವನೆಯಿಂದ ನಿಗದಿಪಡಿಸಿದ ಬೆಲೆಯು ಮಾಡುವವರಿಗೆ ನಷ್ಟ ತರುವುದಲ್ಲದೆ, ಇದೇ ಕೆಲಸದಿಂದ ಜೀವನ ಸಾಗಿಸುವ ಇತರ ಕುಶಲಕರ್ಮಿಗಳ ಕೂಲಿಯನ್ನೂ ಕುಗ್ಗಿಸುತ್ತದೆ. ಒಂದು ಜೊತೆ ಕಾಗದದ ಜುಮುಕಿಯ ಲೆಕ್ಕವನ್ನು ಉದಾಹರಣೆಗಾಗಿ ಮಾತ್ರ ಕೆಳಗೆ ನೀಡಲಾಗಿದೆ.

- ಕಾಗದ, ಕೊಕ್ಕೆ, ಅಂಟು, ವಾರ್ನಿಷ್: 22 ರೂ.
- ಶ್ರಮ (ಒಂದೂವರೆ ಗಂಟೆ, ಗಂಟೆಗೆ 80 ರೂ.ನಂತೆ): 120 ರೂ.
- ಪೆಟ್ಟಿಗೆ ಮತ್ತು ಚೀಟಿ: 8 ರೂ.
- ವಿದ್ಯುತ್, ಓಡಾಟ, ಕೆಟ್ಟುಹೋದ ಸಾಮಗ್ರಿ: 10 ರೂ.
- ಒಟ್ಟು ವೆಚ್ಚ: 160 ರೂ.
- ಶೇ. 15ರಷ್ಟು ಲಾಭ: 24 ರೂ.
- ನೇರ ಮಾರಾಟದ ಬೆಲೆ: 184 ರೂ.

ಇದೇ ವಸ್ತುವನ್ನು ಮಾರಾಟದ ಬೆಲೆಯ ಮೇಲೆ ಶೇ. 30ರಷ್ಟು ದಲ್ಲಾಳಿ ಪಡೆಯುವ ಮಳಿಗೆಯ ಮೂಲಕ ಮಾರುವುದಾದಲ್ಲಿ, 184 ರೂ. ಕೈಸೇರಬೇಕಾದರೆ ಮಳಿಗೆಯಲ್ಲಿ ಅದರ ಬೆಲೆ ಸುಮಾರು 263 ರೂ. ಇರಬೇಕಾಗುತ್ತದೆ. ಗ್ರಾಹಕರು ಅಷ್ಟು ಬೆಲೆ ನೀಡಲು ಒಪ್ಪದಿದ್ದಲ್ಲಿ ವಿನ್ಯಾಸವನ್ನು ಸರಳಗೊಳಿಸಿ ಸಮಯ ತಗ್ಗಿಸಬೇಕೇ ಹೊರತು ಕೂಲಿಯನ್ನು ಕೈಬಿಡಬಾರದು. ಮೊದಲ ಹತ್ತು ವಸ್ತುಗಳಿಗೆ ತಗಲಿದ ಸಮಯವನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡು, ಅದರ ಸರಾಸರಿಯನ್ನು ಆಧಾರವಾಗಿ ಇಟ್ಟುಕೊಳ್ಳುವುದು ಸೂಕ್ತ.

ಬಂಡವಾಳದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಉಪದಾನ (ಗ್ರಾಚ್ಯುಟಿ), ಭವಿಷ್ಯ ನಿಧಿ ಮುಂತಾದ ನಿವೃತ್ತಿ ಮೊತ್ತವನ್ನು ಒಂದೇ ಬಾರಿಗೆ ತೊಡಗಿಸಬಾರದು. ಒಂದು ಹಬ್ಬದ ಋತುವಿಗೆ ಬೇಕಾಗುವಷ್ಟು ಸಾಮಗ್ರಿಯನ್ನು ಮಾತ್ರ ಕೊಂಡು, ಅದರ ಮಾರಾಟದ ಹಣದಿಂದ ಮುಂದಿನ ಖರೀದಿ ಮಾಡುವುದು ಕ್ಷೇಮಕರ.

5. ನೋಂದಣಿಗಳು

ಅ) ಕುಶಲಕರ್ಮಿ ಗುರುತಿನ ಚೀಟಿ (ಪೆಹಚಾನ್): ಕೇಂದ್ರ ಜವಳಿ ಮಂತ್ರಾಲಯದ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯು ಈ ಚೀಟಿಯನ್ನು ಉಚಿತವಾಗಿ ನೀಡುತ್ತದೆ. 18 ವರ್ಷ ತುಂಬಿದ, ಕರಕುಶಲ ಕೆಲಸವನ್ನು ಸ್ವತಃ ಮಾಡುವವರು ಅರ್ಜಿ ಸಲ್ಲಿಸಬಹುದು. ಆಧಾರ್, ಭಾವಚಿತ್ರ ಮತ್ತು ಮೊಬೈಲ್ ಸಂಖ್ಯೆ ಅಗತ್ಯ. ಅರ್ಜಿದಾರರು ನಿಜವಾಗಿಯೂ ಕೆಲಸ ಬಲ್ಲವರೇ ಎಂಬುದನ್ನು ಅಧಿಕಾರಿಗಳು ಪರಿಶೀಲಿಸುತ್ತಾರೆ. ಸಿದ್ಧ ವಸ್ತುಗಳನ್ನು ಕೊಂಡು ಮಾರುವವರಿಗೆ ಈ ಚೀಟಿ ದೊರೆಯುವುದಿಲ್ಲ. ಸದರಿ ಕಚೇರಿಯ ಮೇಳ, ತರಬೇತಿ ಮತ್ತಿತರ ಸೌಲಭ್ಯಗಳಿಗೆ ಈ ಚೀಟಿಯೇ ಆಧಾರ.

ಆ) ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿದೆ. ಆಧಾರ್ ಮತ್ತು ಪ್ಯಾನ್ ಸಾಕು; ಯಾವುದೇ ದಾಖಲೆ ಅಪ್‌ಲೋಡ್ ಮಾಡಬೇಕಾಗಿಲ್ಲ; ಶುಲ್ಕವಿಲ್ಲ. ಮನೆಯ ವಿಳಾಸವನ್ನೇ ಘಟಕದ ವಿಳಾಸವಾಗಿ ನೀಡಬಹುದು. 2025ರ ಏಪ್ರಿಲ್ 1ರಿಂದ 2.5 ಕೋಟಿ ರೂ.ವರೆಗಿನ ಹೂಡಿಕೆ ಮತ್ತು 10 ಕೋಟಿ ರೂ.ವರೆಗಿನ ವಹಿವಾಟು ಹೊಂದಿರುವ ಘಟಕಗಳು ‘ಅತಿಸಣ್ಣ’ ವರ್ಗಕ್ಕೆ ಸೇರುತ್ತವೆ. ಇದೇ ಹೆಸರಿನ ಖಾಸಗಿ ಜಾಲತಾಣಗಳು ಶುಲ್ಕ ವಸೂಲಿ ಮಾಡುವುದರಿಂದ, ವಿಳಾಸವು ‘ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಇ) ಸರಕು ಮತ್ತು ಸೇವಾ ತೆರಿಗೆ: ಕರ್ನಾಟಕದಲ್ಲಿ ಕೇವಲ ಸರಕುಗಳನ್ನು ಮಾರುವವರಿಗೆ ವಾರ್ಷಿಕ 40 ಲಕ್ಷ ರೂ. ವಹಿವಾಟಿನವರೆಗೆ ನೋಂದಣಿ ಅಗತ್ಯವಿಲ್ಲ. ಆನ್‌ಲೈನ್ ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಮಾರುವ ಸಣ್ಣ ವ್ಯಾಪಾರಿಗಳಿಗೂ 2023ರ ಅಕ್ಟೋಬರ್ 1ರಿಂದ ಷರತ್ತುಬದ್ಧ ವಿನಾಯಿತಿ ಇದ್ದು, ದಾಖಲಾತಿ ಸಂಖ್ಯೆ ಪಡೆಯಬೇಕಾಗುತ್ತದೆ. ಹೊರರಾಜ್ಯಕ್ಕೆ ಕಳುಹಿಸುವುದಾದಲ್ಲಿ ನಿಯಮ ಬೇರೆ. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ ಇರುತ್ತದೆ. 2025ರ ಜುಲೈನಲ್ಲಿ ಯುಪಿಐ ಮೂಲಕ ಸ್ವೀಕರಿಸಿದ ಮೊತ್ತವನ್ನು ಆಧರಿಸಿ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಬಂದಿದ್ದವು. ಆದ್ದರಿಂದ ವ್ಯಾಪಾರದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಮನೆಯವರ ಹಣ, ಪಿಂಚಣಿ, ಕೈಸಾಲ ಇತ್ಯಾದಿಗಳನ್ನು ಅದರಲ್ಲಿ ಬೆರೆಸದಿರುವುದು ಸೂಕ್ತ.

ಈ) ಮಳಿಗೆ ತೆರೆಯುವವರು: ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ಅಡಿಯಲ್ಲಿ ನೋಂದಣಿ ಹಾಗೂ ನಗರ ಪಾಲಿಕೆಯ ಉದ್ದಿಮೆ ಪರವಾನಗಿಯ ಬಗ್ಗೆ ವಿಚಾರಿಸತಕ್ಕದ್ದು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ 5 ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ತಮ್ಮ ವಾರ್ಡು ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಉ) ಪೊಟ್ಟಣದ ಮೇಲಿನ ವಿವರ: ಮುಂಚಿತವಾಗಿ ಕಟ್ಟಿದ ಪೊಟ್ಟಣದಲ್ಲಿ ಮಾರುವ ವಸ್ತುಗಳ ಮೇಲೆ ತಯಾರಕರ ಹೆಸರು, ವಿಳಾಸ, ವಸ್ತುವಿನ ಹೆಸರು, ಸಂಖ್ಯೆ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ ಮತ್ತು ದೂರು ಸಲ್ಲಿಸುವ ವಿವರ ನಮೂದಿಸತಕ್ಕದ್ದು.

6. ಆರ್ಥಿಕ ನೆರವು

ಅ) ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ: 2008-09ರಲ್ಲಿ ಆರಂಭವಾದ ಈ ಕಾರ್ಯಕ್ರಮವನ್ನು 2021-22ರಿಂದ 2025-26ರವರೆಗಿನ ಅವಧಿಗೆ ಪರಿಷ್ಕರಿಸಿ ಮುಂದುವರಿಸಲಾಯಿತು. ಆ ನಿಯಮಗಳಂತೆ ಆದಾಯ ಮಿತಿ ಇಲ್ಲ. ಕನಿಷ್ಠ ವಯಸ್ಸು 18. ಗರಿಷ್ಠ ವಯೋಮಿತಿ ಇಲ್ಲ. ಹೊಸ ಘಟಕಗಳಿಗೆ ಮಾತ್ರ, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅನ್ವಯಿಸುತ್ತದೆ. ನಗರ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 15 ಹಾಗೂ ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಗಳಿಗೆ ಶೇ. 25 ಸಹಾಯಧನ ನಿಗದಿಪಡಿಸಲಾಗಿದೆ. ಉದಾಹರಣೆಗೆ, ಮಲ್ಲೇಶ್ವರದ ಮಹಿಳೆಯೊಬ್ಬರ ಯೋಜನಾ ವೆಚ್ಚ 2,00,000 ರೂ. ಆಗಿದ್ದಲ್ಲಿ ಸ್ವಂತ ವಂತಿಗೆ ಶೇ. 5ರಂತೆ 10,000 ರೂ., ಬ್ಯಾಂಕ್ ಮಂಜೂರು ಮಾಡುವ ಮೊತ್ತ 1,90,000 ರೂ. ಮತ್ತು ಸಹಾಯಧನ 50,000 ರೂ. ಆಗುತ್ತದೆ. ಸಹಾಯಧನವು ನೇರವಾಗಿ ಕೈಗೆ ಬರುವುದಿಲ್ಲ. 3 ವರ್ಷಗಳ ಕಾಲ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಘಟಕವು ನಡೆಯುತ್ತಿದೆಯೆಂದು ಖಚಿತವಾದ ನಂತರ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ.

ಆ) ಮುದ್ರಾ ಸಾಲ: 2015ರ ಏಪ್ರಿಲ್ 8ರಂದು ಆರಂಭವಾಯಿತು. ‘ಶಿಶು’ ವರ್ಗದಲ್ಲಿ 50,000 ರೂ.ವರೆಗೆ ಹಾಗೂ ‘ಕಿಶೋರ’ ವರ್ಗದಲ್ಲಿ 5 ಲಕ್ಷ ರೂ.ವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಇದು ಸಾಲವೇ ಹೊರತು ಸಹಾಯಧನವಲ್ಲ. ಮನೆಯಿಂದ ಮಾಡುವ ಆಭರಣ ಮತ್ತು ಕಾಗದದ ಕೆಲಸಕ್ಕೆ ಸಾಮಾನ್ಯವಾಗಿ ‘ಶಿಶು’ ವರ್ಗವೇ ಸಾಕಾಗುತ್ತದೆ.

ಇ) ಉದ್ಯೋಗಿನಿ ಯೋಜನೆ: ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಈ ಯೋಜನೆಯಡಿ 18ರಿಂದ 55 ವರ್ಷದೊಳಗಿನ ಮಹಿಳೆಯರು ಅರ್ಜಿ ಸಲ್ಲಿಸಬಹುದು. ಕುಟುಂಬದ ವಾರ್ಷಿಕ ಆದಾಯ ಮಿತಿ ಇದ್ದು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸಹಾಯಧನದ ಪ್ರಮಾಣ ಹೆಚ್ಚು. ನಿಗಮವು ಆಯಾ ವರ್ಷ ಅರ್ಜಿ ಆಹ್ವಾನಿಸಿದಾಗ ಮಾತ್ರ ಅರ್ಜಿ ಸಲ್ಲಿಸಬಹುದು.

ಈ) ಪಿಎಂ ವಿಶ್ವಕರ್ಮ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯು 18 ಸಾಂಪ್ರದಾಯಿಕ ವೃತ್ತಿಗಳಿಗೆ ಸೀಮಿತ. ಅಕ್ಕಸಾಲಿಗರು, ಗೊಂಬೆ ಮತ್ತು ಆಟಿಕೆ ತಯಾರಕರು, ಹೂಮಾಲೆ ಕಟ್ಟುವವರು ಈ ಪಟ್ಟಿಯಲ್ಲಿದ್ದಾರೆ. ಕಾಗದದ ಕರಕುಶಲ ಕೆಲಸವು ಪ್ರತ್ಯೇಕ ವೃತ್ತಿಯಾಗಿ ಸೇರಿಲ್ಲ. ಸರ್ಕಾರಿ ಸೇವೆಯಲ್ಲಿರುವವರು ಮತ್ತು ಅವರ ಕುಟುಂಬದವರು ಅರ್ಹರಲ್ಲ.

7. ಮಾರಾಟದ ಅವಕಾಶಗಳು

ಈ ಬಡಾವಣೆಗಳಲ್ಲಿ ಬೇಡಿಕೆಯು ಹಬ್ಬಗಳನ್ನು ಅನುಸರಿಸುತ್ತದೆ. ಶ್ರಾವಣದ ವರಮಹಾಲಕ್ಷ್ಮಿ ವ್ರತಕ್ಕೆ ದೇವಿಯ ಅಲಂಕಾರದ ಒಡವೆ, ಭಾದ್ರಪದದ ಗೌರಿ ಹಬ್ಬಕ್ಕೆ ಗೆಜ್ಜೆವಸ್ತ್ರ ಮತ್ತು ಬಾಗಿನದ ಸಾಮಗ್ರಿ, ನವರಾತ್ರಿಗೆ ಬೊಂಬೆಯ ಅಲಂಕಾರ, ದೀಪಾವಳಿಗೆ ಆಕಾಶಬುಟ್ಟಿ, ಸಂಕ್ರಾಂತಿಗೆ ಎಳ್ಳಿನ ಡಬ್ಬಿ, ಮದುವೆಯ ಕಾಲಕ್ಕೆ ಬಾಸಿಂಗ ಮತ್ತು ಆರತಿ ತಟ್ಟೆ. ಗಾಂಧಿ ಬಜಾರ್ ಹಾಗೂ ಮಲ್ಲೇಶ್ವರದ 8ನೇ ಅಡ್ಡರಸ್ತೆಯ ಅಂಗಡಿಗಳು ಹಬ್ಬಕ್ಕೆ ಮುಂಚೆಯೇ ದಾಸ್ತಾನು ಮಾಡುವುದರಿಂದ ಮಾದರಿಗಳನ್ನು ಕನಿಷ್ಠ ಎರಡು ತಿಂಗಳು ಮೊದಲೇ ತೋರಿಸಬೇಕು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಬಳೆ, ಸರ, ಆಟಿಕೆಗಳ ವ್ಯಾಪಾರವೂ ನಡೆಯುತ್ತದೆ. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಮಳಿಗೆಗಳ ಮೂಲಕ ರಾಜ್ಯದ ಕರಕುಶಲ ವಸ್ತುಗಳನ್ನು ಮಾರಾಟ ಮಾಡುತ್ತದೆ.

ಪಾದಚಾರಿ ಮಾರ್ಗದಲ್ಲಿ ವ್ಯಾಪಾರ ಮಾಡಬಯಸುವವರಿಗೆ ಬೀದಿಬದಿ ವ್ಯಾಪಾರಿಗಳ ಅಧಿನಿಯಮ, 2014 ಅನ್ವಯಿಸುತ್ತದೆ. ಮಾರಾಟ ಪ್ರಮಾಣಪತ್ರ ಪಡೆಯುವುದು ಅಗತ್ಯ.

8. ಎಚ್ಚರಿಕೆ: ಠೇವಣಿ ಪಡೆಯುವ ವಂಚಕರು

‘ಮಣಿ ಪೋಣಿಸಿ ಕೊಡಿ, ನಾವೇ ಕೊಳ್ಳುತ್ತೇವೆ’, ‘ಕಾಗದದ ಚೀಲ ಮಾಡಿ, ತಿಂಗಳಿಗೆ ಇಂತಿಷ್ಟು ಖಚಿತ ಆದಾಯ’ ಎಂಬ ಜಾಹೀರಾತುಗಳನ್ನು ನಂಬಿ ಅನೇಕರು ಹಣ ಕಳೆದುಕೊಂಡಿದ್ದಾರೆ. ವಿಧಾನ ಬಹುತೇಕ ಒಂದೇ: ಮೊದಲು ನೋಂದಣಿ ಶುಲ್ಕ ಅಥವಾ ಸಾಮಗ್ರಿಯ ಠೇವಣಿ ಪಡೆಯಲಾಗುತ್ತದೆ, ಸಿದ್ಧ ವಸ್ತುಗಳನ್ನು ಒಯ್ದಾಗ ಗುಣಮಟ್ಟ ಸರಿಯಿಲ್ಲವೆಂದು ತಿರಸ್ಕರಿಸಲಾಗುತ್ತದೆ, ಕರಾರಿನ ಷರತ್ತು ತೋರಿಸಿ ಠೇವಣಿಯನ್ನೂ ಹಿಂದಿರುಗಿಸುವುದಿಲ್ಲ. ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

- ಕೆಲಸ ಕೊಡುವವರು ಕೂಲಿ ಕೊಡಬೇಕೇ ಹೊರತು ಕೆಲಸ ಮಾಡುವವರಿಂದ ಹಣ ಕೇಳುವಂತಿಲ್ಲ. ಮುಂಗಡ ಕೇಳಿದಲ್ಲಿ ವ್ಯವಹಾರ ಬೇಡ.
- ಗುಣಮಟ್ಟದ ಅಳತೆಯನ್ನು ಮಾದರಿ ಸಹಿತ ಲಿಖಿತವಾಗಿ ಪಡೆಯಬೇಕು.
- ಒಟಿಪಿ, ಆಧಾರ್ ಪ್ರತಿ ಹಾಗೂ ಖಾಲಿ ಚೆಕ್ಕುಗಳನ್ನು ಯಾರಿಗೂ ನೀಡಬಾರದು.
- ಆನ್‌ಲೈನ್ ಮೂಲಕ ಹಣ ಕಳೆದುಕೊಂಡಲ್ಲಿ ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಕಡಿಮೆ. ಗ್ರಾಹಕ ದೂರುಗಳಿಗೆ ರಾಷ್ಟ್ರೀಯ ಸಹಾಯವಾಣಿ 1915.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನಗೆ 62 ವರ್ಷ. ಅರ್ಜಿ ಸಲ್ಲಿಸಬಹುದೇ?
ಉತ್ತರ: ಉದ್ಯಮ್ ನೋಂದಣಿ ಮತ್ತು ಕುಶಲಕರ್ಮಿ ಗುರುತಿನ ಚೀಟಿಗೆ ಅಡ್ಡಿಯಿಲ್ಲ. ಉದ್ಯೋಗಿನಿ ಯೋಜನೆಗೆ ಅರ್ಹತೆ ಇರುವುದಿಲ್ಲ. ಸಾಲದ ಮರುಪಾವತಿ ಅವಧಿಯನ್ನು ಬ್ಯಾಂಕುಗಳು ಅರ್ಜಿದಾರರ ವಯಸ್ಸನ್ನು ಗಮನಿಸಿ ನಿರ್ಧರಿಸುತ್ತವೆ.

ಪ್ರಶ್ನೆ: ನಾನು ಇನ್ನೂ ಸರ್ಕಾರಿ ಸೇವೆಯಲ್ಲಿದ್ದೇನೆ. ಈಗಲೇ ಮಾರಾಟ ಆರಂಭಿಸಬಹುದೇ?
ಉತ್ತರ: ನಡತೆ ನಿಯಮಗಳಂತೆ ಪೂರ್ವಾನುಮತಿಯಿಲ್ಲದೆ ಖಾಸಗಿ ವ್ಯಾಪಾರ ಮಾಡುವಂತಿಲ್ಲ. ಕೆಲಸ ಕಲಿಯಲು ಅಡ್ಡಿಯಿಲ್ಲ. ನಿವೃತ್ತಿಗೆ ಮುಂಚಿನ ಒಂದೆರಡು ವರ್ಷಗಳನ್ನು ಕಲಿಕೆಗೆ ಬಳಸುವುದು ಉತ್ತಮ.

ಪ್ರಶ್ನೆ: ಪಿಂಚಣಿಯ ಜೊತೆಗೆ ಈ ಆದಾಯವನ್ನೂ ತೋರಿಸಬೇಕೇ?
ಉತ್ತರ: ಹೌದು. ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಎರಡನ್ನೂ ನಮೂದಿಸತಕ್ಕದ್ದು.

ಪ್ರಶ್ನೆ: ಮಧ್ಯವರ್ತಿಗಳ ಮೂಲಕ ಅರ್ಜಿ ಸಲ್ಲಿಸಿದಲ್ಲಿ ಬೇಗ ಮಂಜೂರಾಗುತ್ತದೆಯೇ?
ಉತ್ತರ: ಇಲ್ಲ. ಯಾವುದೇ ಯೋಜನೆಗೆ ಮಧ್ಯವರ್ತಿಗಳನ್ನು ನೇಮಿಸಿರುವುದಿಲ್ಲ.

10. ಸಂಪರ್ಕಿಸಬೇಕಾದ ಕಚೇರಿಗಳು

- ಜಿಲ್ಲಾ ಕೈಗಾರಿಕಾ ಕೇಂದ್ರ, ಬೆಂಗಳೂರು ನಗರ ಜಿಲ್ಲೆ, ರಾಜಾಜಿನಗರ: ಉದ್ಯೋಗ ಸೃಜನ ಕಾರ್ಯಕ್ರಮ ಮತ್ತು ಉದ್ಯಮ್ ನೋಂದಣಿಯ ಮಾರ್ಗದರ್ಶನ.
- ಅಭಿವೃದ್ಧಿ ಆಯುಕ್ತರ (ಕರಕುಶಲ) ಬೆಂಗಳೂರಿನ ಪ್ರಾದೇಶಿಕ ವಿನ್ಯಾಸ ಮತ್ತು ತಾಂತ್ರಿಕ ಅಭಿವೃದ್ಧಿ ಕೇಂದ್ರ: ವಿನ್ಯಾಸ ಮತ್ತು ತಾಂತ್ರಿಕ ಸಲಹೆ.
- ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ: ಉದ್ಯೋಗಿನಿ ಯೋಜನೆ.
- ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ (ಅವೇಕ್), ಬೆಂಗಳೂರು, ಸ್ಥಾಪನೆ 1983: ಉದ್ಯಮಶೀಲತಾ ತರಬೇತಿ.

ಅರ್ಜಿದಾರರು ಕಚೇರಿಗೆ ಬರುವಾಗ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್ ಪುಸ್ತಕ, ಎರಡು ಭಾವಚಿತ್ರಗಳು ಹಾಗೂ ತಾವೇ ತಯಾರಿಸಿದ ಎರಡು ಮೂರು ಮಾದರಿಗಳನ್ನು ತಪ್ಪದೇ ತರತಕ್ಕದ್ದು. ಪ್ರತಿ ಮಾದರಿಯ ಜೊತೆಗೆ ಅದರ ಸಾಮಗ್ರಿ ವೆಚ್ಚ ಮತ್ತು ತಗಲಿದ ಸಮಯದ ವಿವರವಿದ್ದಲ್ಲಿ, ಸಾಲ ಬೇಕೇ, ಬೇಕಾದಲ್ಲಿ ಎಷ್ಟು ಎಂಬುದನ್ನು ಮೊದಲ ಭೇಟಿಯಲ್ಲಿಯೇ ನಿರ್ಧರಿಸಲು ಅನುಕೂಲವಾಗುತ್ತದೆ.